ಹಾರೆ ಸುಡುವ ತಿಪ್ಪೆಯಲ್ಲಿ ಬದುಕುವವರು ಯಾರು?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕು. ಭತ್ತದ ಹುಲ್ಲು, ಸಗಣಿ ಸೇರಿಸಿ ಗೊಬ್ಬರಕ್ಕೆ ರಾಶಿ ಹಾಕಿದ್ದೇನೆ. ಒಳಗೆ ಚುಚ್ಚಿಟ್ಟ ಹಾರೆಯನ್ನು ಎಳೆದರೆ ತುದಿ ಮುಟ್ಟಲಾಗದಷ್ಟು ಬಿಸಿ. ಅಲ್ಲಿಯೂ ಬ್ಯಾಕ್ಟೀರಿಯಾ ಇರುತ್ತವಂತೆ. ಯಾವುವೆಂದು ಗುರುತಿಸುವುದು ಹೇಗೆ?

ಉತ್ತರ: ಇರುವುದಷ್ಟೇ ಅಲ್ಲ, ಆ ಬಿಸಿ ಹುಟ್ಟಿದ್ದೇ ಸೂಕ್ಷ್ಮಜೀವಿಗಳಿಂದ. ಅವು ಹುಲ್ಲನ್ನು ಅರಗಿಸುವಾಗ ಹೊಮ್ಮುವ ಶಾಖ ರಾಶಿಯ ಒಡಲಲ್ಲೇ ಉಳಿದು 60–70 ಡಿಗ್ರಿ ಮುಟ್ಟುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲೂ ಅದರ ಮುಂದೆ ತಂಪೇ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನವು ಬರೀ ಕಡ್ಡಿಗಳು. ಸಸಿಮಡಿಯ ಪೈರು ನೋಡಿ ಸೋನಾ ಮಸೂರಿ ಯಾವುದೆಂದು ಹೇಳಿದಂತಾದೀತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸೋಣವೆಂದರೆ ಎಷ್ಟೋ ಜೀವಿಗಳು ಅಲ್ಲಿ ಬೆಳೆಯುವುದೇ ಇಲ್ಲ. ಹಾಗಾಗಿ ಡಿಎನ್‌ಎ ಓದುತ್ತಾರೆ.

ಓದುವುದು ಸಾಮಾನ್ಯವಾಗಿ 16ಎಸ್ ಎಂಬ ಒಂದೇ ಜೀನನ್ನು. ಸುಮಾರು 1,500 ಅಕ್ಷರಗಳ ಈ ಜೀನು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ. ಅದರ ಕೆಲವು ತುಣುಕುಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ, ಹಿಡಿಯಲು ಅವೇ ಹಿಡಿಕೆ. ನಡುವಿನ ತುಣುಕುಗಳು ಕುಲಕ್ಕೊಂದು ಬಗೆ, ಹೆಸರು ಸಿಗುವುದು ಅಲ್ಲಿ. ಆರ್ಕಿಯಾ ಎಂಬ ಬೇರೆಯೇ ಜೀವಿಗುಂಪಿದೆ ಎಂದು 1977ರಲ್ಲಿ ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್ ತೋರಿಸಿದ್ದು ಈ ಜೀನಿನಿಂದ ತಯಾರಾಗುವ 16ಎಸ್ ಆರ್‌ಎನ್‌ಎ ಹೋಲಿಸಿಯೇ.

ಗೊಬ್ಬರದಿಂದ ಡಿಎನ್‌ಎ ತೆಗೆಯುವುದೇ ಪಡಿಪಾಟಲು. ಸರಿಯಾಗಿ ಶುದ್ಧಿ ಮಾಡದಿದ್ದರೆ ನಳಿಕೆಯಲ್ಲಿ ಡಿಕಾಕ್ಷನ್ ಬಣ್ಣದ ದ್ರವ ಉಳಿಯುತ್ತದೆ. ಅದು ಹ್ಯೂಮಿಕ್ ಆಮ್ಲ. ಹೊಲಕ್ಕೆ ಒಳ್ಳೆಯದಾದ ಅದೇ ಪದಾರ್ಥ, ಜೀನಿನ ಪ್ರತಿಗಳನ್ನು ಮಾಡುವ ಪಿಸಿಆರ್ ಕ್ರಿಯೆಯನ್ನು ಕೆಡಿಸುತ್ತದೆ.

ಪಿಸಿಆರ್‌ನಲ್ಲಿ ಪ್ರತಿ ಸುತ್ತಿಗೂ ದ್ರವವನ್ನು ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಆ ಬಿಸಿ ತಾಳಿ ಪ್ರತಿ ಮಾಡುವ ಕಿಣ್ವ ಮೊದಲು ಸಿಕ್ಕಿದ್ದು ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದಲ್ಲಿ. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಗಳಲ್ಲಿ ಸಿಕ್ಕ ಇದನ್ನು ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1969ರಲ್ಲಿ ವಿವರಿಸಿದರು. ಇದರ ದಾಯಾದಿ ಥರ್ಮಸ್ ಥರ್ಮೋಫಿಲಸ್ ಬಿಸಿ ಗೊಬ್ಬರದಲ್ಲೇ ಸಿಕ್ಕಿದೆ. ತಿಪ್ಪೆಯವರ ಗುರುತು ಹೇಳಲು ತಿಪ್ಪೆಯವರ ನೆಂಟನೇ ಬಂದ ಹಾಗಾಯಿತು!

ಓದಿದ ಅಕ್ಷರಗಳನ್ನು ದತ್ತಾಂಶ ಸಂಗ್ರಹಗಳೊಂದಿಗೆ ಹೋಲಿಸಿದರೆ ಜಿಯೋಬ್ಯಾಸಿಲಸ್, ಥರ್ಮೋಬಿಫಿಡಾ ಮುಂತಾದ ಹೆಸರುಗಳು ಬರುತ್ತವೆ. ಇಲ್ಲಿ ತಿಪ್ಪೆ ಸಾರಿಸಬಾರದು: ಜಿಯೋಬ್ಯಾಸಿಲಸ್‌ನ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಈ ಒಂದು ಜೀನು ಸಾಲದು, ಇಡೀ ಜೀನೋಮ್, ಅಂದರೆ ಜೀವಿಯ ಪೂರ್ತಿ ಡಿಎನ್‌ಎ ಓದಬೇಕಾಗುತ್ತದೆ. ಜೊತೆಗೆ, ಸತ್ತವುಗಳ ಡಿಎನ್‌ಎ ಕೂಡ ಲೆಕ್ಕಕ್ಕೆ ಬಂದುಬಿಡುತ್ತದೆ.

ಗೊಬ್ಬರ ಮಾಡಲು ಇದಾವುದೂ ಬೇಡ, ನಿಮ್ಮ ಹಾರೆಯೇ ಸಾಕು. ಪರೀಕ್ಷೆಗೆ ಕೊಡುವುದೇ ಆದರೆ, ಮೇಲಿನ ಒಣ ಹುಲ್ಲು ಬೇಡ. ಹಾರೆ ಸುಟ್ಟ ಆಳದಿಂದಲೇ ತೆಗೆದು ತಕ್ಷಣ ಮಂಜುಗಡ್ಡೆಯಲ್ಲಿಡಿ. ತಡಮಾಡಿದರೆ ಅಷ್ಟರಲ್ಲಿ ಅಲ್ಲಿನ ಒಕ್ಕಲೇ ಬದಲಾಗಿರುತ್ತದೆ.