ಕೊರತೆಯಿಲ್ಲದ ವಿಶ್ವಕ್ಕೆ ಉದ್ದೇಶವೊಂದು ಇರಬಲ್ಲುದೇ?

ಚಿಕ್ಕಮಗಳೂರು ಮತ್ತು ಹಾಸನದ ಕಾಫಿ ತೋಟಗಳಲ್ಲಿ ಜನವರಿ ಕಳೆಯುವ ಹೊತ್ತಿಗೆ ಗಿಡದ ಗೆಣ್ಣು ಗೆಣ್ಣಿನಲ್ಲೂ ಹಸಿರು ಮೊಗ್ಗುಗಳು ಗುಂಪುಗುಂಪಾಗಿ ಕಾಣಿಸುತ್ತವೆ. ಕೆಲವೇ ಮಿಲಿಮೀಟರ್ ಉದ್ದ ಬೆಳೆದು ನಿಂತುಬಿಟ್ಟ ಆ ಮೊಗ್ಗುಗಳು, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಒಂದಿಂಚಿನಷ್ಟು ಹೂಮಳೆ ಬಿದ್ದ ಮೇಲೆ ಉಬ್ಬಿಕೊಂಡು, ಎಂಟು-ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುವಂತೆ ಅರಳುತ್ತವೆ. ಗಿಡ ಮಳೆಗಾಗಿ ಕಾಯುತ್ತಿತ್ತು ಎಂದು ಬೆಳೆಗಾರರು ಹೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಒಣಬಿಸಿಲಿನಲ್ಲಿ ಅರಳಿ ಕಮರುವುದಕ್ಕಿಂತ ನೀರು ಸಿಕ್ಕಾಗ ಅರಳುವುದು ಗಿಡಕ್ಕೆ ಲೇಸು. ಸ್ವಂತ ಪರಾಗದಿಂದ ಕಾಯಿ ಕಟ್ಟಲಾರದ ರೊಬಸ್ಟಾಕ್ಕಂತೂ ಅಕ್ಕಪಕ್ಕದ ಗಿಡಗಳು ಅದೇ ಹೊತ್ತಿಗೆ ಅರಳುವುದು ಅತ್ಯಗತ್ಯ. ನೀರಿನ ಅಭಾವ ಮೊಗ್ಗಿನ ಬೆಳವಣಿಗೆಯನ್ನು ತಡೆದಿರುತ್ತದೆ, ಮಳೆ ಆ ತಡೆಯನ್ನು ತೆಗೆಯುತ್ತದೆ. ಆಫ್ರಿಕದ ಕಾಡುಗಳಲ್ಲಿ ಈ ಬಗೆಯ ಮೊಗ್ಗುಳ್ಳ ಗಿಡಗಳು ಹೆಚ್ಚು ಬೀಜ ಬಿಟ್ಟವು, ಉಳಿದವು ಹಿಂದೆ ಬಿದ್ದವು. ಉದ್ದೇಶವೆಂದು ನಮಗೆ ಕಾಣುವ ಗುಣವೊಂದು ಯಾರೂ ಉದ್ದೇಶಿಸದೆಯೇ ಹೇಗೆ ಮೂಡುತ್ತದೆ ಎಂಬುದನ್ನು 1859ರಲ್ಲಿ ಡಾರ್ವಿನ್ ವಿವರಿಸಿದ್ದು ಹೀಗೆಯೇ.

ಇದೇ ವಿವರಣೆಯನ್ನು ಇಡೀ ವಿಶ್ವಕ್ಕೆ ಅನ್ವಯಿಸಬಹುದೇ? ವಿಶ್ವಕ್ಕೆ ಉದ್ದೇಶವಿದೆಯೇ, ಚೈತನ್ಯವಿದೆಯೇ, ದೈವತ್ವವಿದೆಯೇ ಎಂಬ ಇಡೀ ಚರ್ಚೆ ನನ್ನ ಮಟ್ಟಿಗೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಗಿಡಕ್ಕೆ ಸಾವಿದೆ, ಪೈಪೋಟಿಯಿದೆ, ಸಂತಾನವಿದೆ, ಎಲ್ಲಕ್ಕಿಂತ ಮುಖ್ಯವಾಗಿ ಕೊರತೆಯಿದೆ; ನೀರು ಇಲ್ಲದಿರುವುದರಿಂದಲೇ ನೀರಿಗಾಗಿ ಕಾಯುವುದಕ್ಕೆ ಅರ್ಥ ಬರುತ್ತದೆ. ನಮಗೆ ಗೊತ್ತಿರುವ ವಿಶ್ವ ಒಂದೇ ಒಂದು. ಅದು ಕಳೆದುಕೊಳ್ಳುವಂಥದ್ದಾಗಲಿ, ಪಡೆಯಬೇಕಾದದ್ದಾಗಲಿ ಅದರ ಹೊರಗೆ ಏನೂ ಇಲ್ಲ.

ಈ ತೊಡಕನ್ನು ನಮ್ಮ ದಾರ್ಶನಿಕರು ಬಹಳ ಹಿಂದೆಯೇ ಗುರುತಿಸಿದ್ದರು. ಶೃಂಗೇರಿಯಲ್ಲಿ ಇಂದಿಗೂ ಪಾಠ ನಡೆಯುವ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಎದುರುವಾದಿ ನೇರವಾಗಿ ಕೇಳುತ್ತಾನೆ: ಪ್ರಯೋಜನವಿಲ್ಲದೆ ಯಾರೂ ಏನನ್ನೂ ಮಾಡುವುದಿಲ್ಲ, ಸೃಷ್ಟಿಯಿಂದ ಬ್ರಹ್ಮಕ್ಕೆ ಪ್ರಯೋಜನವಿದೆ ಎಂದರೆ ಅದು ಪೂರ್ಣವಲ್ಲ, ಇಲ್ಲವೆಂದರೆ ಸೃಷ್ಟಿಗೆ ಕಾರಣವೇ ಇಲ್ಲ. ಅದು ಬರಿಯ ಲೀಲೆ ಎಂಬುದು ಸೂತ್ರದ ಉತ್ತರ. ಉಸಿರಾಟ ಬೇರಾವ ಫಲವನ್ನೂ ಬಯಸದೆ ಸ್ವಭಾವದಿಂದಲೇ ನಡೆಯುವಂತೆ ಎಂದು ಶಂಕರರು ಭಾಷ್ಯದಲ್ಲಿ ವಿವರಿಸುತ್ತಾರೆ. ಚೈತನ್ಯವೇ ಪರಮಸತ್ಯ ಎನ್ನುವ ಅದ್ವೈತ ಕೂಡ ಜಗತ್ತಿಗೆ ಗುರಿಯೊಂದನ್ನು ಅಂಟಿಸಲು ಒಪ್ಪದಿರುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಇತ್ತ ಶ್ರವಣಬೆಳಗೊಳದ ಜೈನ ಪರಂಪರೆ ಸೃಷ್ಟಿಕರ್ತನನ್ನೇ ಒಪ್ಪುವುದಿಲ್ಲ. ಅದರ ಪ್ರಕಾರ ಲೋಕ ಅನಾದಿ, ಆದರೆ ಜೀವಗಳು ಮಣ್ಣು ನೀರುಗಳಲ್ಲೂ ಇವೆ. ಉದ್ದೇಶ, ಚೈತನ್ಯ, ದೈವತ್ವ ಇವು ಮೂರೂ ಒಟ್ಟಿಗೇ ಬರಬೇಕೆಂಬ ನಿಯಮವಿಲ್ಲ ಎಂಬುದು ಈ ಎರಡು ಜಿಲ್ಲೆಗಳ ಚಿಂತನೆಯಿಂದಲೇ ತಿಳಿಯುತ್ತದೆ.

ಉದ್ದೇಶವಿಲ್ಲದಿದ್ದರೂ ವಿಶ್ವದ ನಡೆಗೆ ದಿಕ್ಕಿದೆ. ಒಟ್ಟಾರೆ ಅವ್ಯವಸ್ಥೆ ಹೆಚ್ಚುತ್ತಲೇ ಹೋಗುತ್ತದೆ ಎನ್ನುವುದು ಉಷ್ಣಬಲ ವಿಜ್ಞಾನದ ಎರಡನೆಯ ನಿಯಮ. ಮೂಡಿಗೆರೆಯ ಕಡೆಯ ಬೆಟ್ಟಗಳಿಂದ ಇಳಿಯುವ ಹೇಮಾವತಿ ಗೊರೂರಿನತ್ತ ಹರಿಯುವುದು ಯಾರ ಗದ್ದೆಗೂ ನೀರುಣಿಸಬೇಕೆಂದಲ್ಲ, ನೆಲ ಇಳಿಜಾರಾಗಿದೆ ಎಂದು. ವಿಶ್ವದ ನಡೆಯೂ ಅಂಥದ್ದೇ.

ವಿಶ್ವಕ್ಕೆ ಉದ್ದೇಶವಿದೆ ಎನ್ನುವವರ ಬಳಿ ಇರುವ ಅತ್ಯಂತ ಬಲವಾದ ವಾದ ಬೇರೆಯದು: ಪ್ರಕೃತಿಯ ನಿಯಮಗಳು ಜೀವಕ್ಕೆಂದೇ ಹೊಂದಿಸಿದಂತಿವೆ ಎಂಬುದು. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕಾಫಿಯ ಒಂದೊಂದು ಕೆಫೀನ್ ಅಣುವಿನಲ್ಲೂ 8 ಇಂಗಾಲದ ಪರಮಾಣುಗಳಿವೆ, ಮತ್ತು ಅವೆಲ್ಲ ಎಂದೋ ನಕ್ಷತ್ರಗಳ ಒಡಲಲ್ಲಿ ಮೂರು ಮೂರು ಹೀಲಿಯಂ ಪರಮಾಣುಗಳ ಬೀಜಗಳು (ನ್ಯೂಕ್ಲಿಯಸ್) ಕೂಡಿ ಆದವು. ಎರಡು ಹೀಲಿಯಂ ಕೂಡಿ ಆಗುವ ಬೆರಿಲಿಯಂ ಊಹೆಗೂ ನಿಲುಕದಷ್ಟು ಬೇಗ ಒಡೆದುಹೋಗುವುದರಿಂದ ಮೂರನೆಯದು ಬಂದು ಸೇರಲು ಸಮಯವೇ ಇರುವುದಿಲ್ಲ. ಹಾಗಿದ್ದೂ ಜಗತ್ತಿನಲ್ಲಿ ಇಷ್ಟೊಂದು ಇಂಗಾಲವಿದೆ ಎಂದರೆ, ಇಂಗಾಲದ ಬೀಜಕ್ಕೆ ಸುಮಾರು 76.5 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ, ಈ ಕೂಡುವಿಕೆಯನ್ನು ಸುಲಭಗೊಳಿಸುವ ವಿಶೇಷ ಸ್ಥಿತಿಯೊಂದು ಇರಲೇಬೇಕು ಎಂದು ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ತರ್ಕಿಸಿದರು. ಅಮೆರಿಕದ ವಿಶ್ವವಿದ್ಯಾಲಯವಾದ ಕ್ಯಾಲ್ಟೆಕ್‌ನ ಪ್ರಯೋಗಾಲಯದಲ್ಲಿ ಹುಡುಕಿದಾಗ ಅದು ಅಲ್ಲಿಯೇ ಸಿಕ್ಕಿತು. ಪ್ರಕೃತಿಯ ಸ್ಥಿರಾಂಕಗಳು, ಅಂದರೆ ಬಲಗಳ ತೀವ್ರತೆಯಂಥ ಬದಲಾಗದ ಬೆಲೆಗಳು, ಸ್ವಲ್ಪ ಬೇರೆಯಾಗಿದ್ದರೂ ಈ ಸ್ಥಿತಿ ಸರಿದುಹೋಗುತ್ತಿತ್ತು. ಅದು ಒಂದಿಷ್ಟು ಸರಿದರೂ ಇಂಗಾಲ ಆಗುವಷ್ಟು ಸಡಿಲಿಕೆ ಇದೆ ಎಂದು ನಂತರದ ಲೆಕ್ಕಾಚಾರಗಳು ತೋರಿಸಿವೆಯಾದರೂ ಬೆರಗು ಪೂರ್ತಿ ಕರಗುವುದಿಲ್ಲ. ಇದಕ್ಕಿಂತ ತೀವ್ರವಾದದ್ದು ವಿಶ್ವವನ್ನು ಹಿಗ್ಗಿಸುತ್ತಿರುವ ನಿರ್ವಾತದ ಶಕ್ತಿಯ, ಅಂದರೆ ಖಾಲಿ ಜಾಗಕ್ಕೇ ಇರುವ ಶಕ್ತಿಯ ಪ್ರಶ್ನೆ. ಸರಳವಾದ ಕ್ವಾಂಟಂ ಅಂದಾಜು ಕೊಡುವ ಬೆಲೆ, ಅಳೆದಾಗ ಸಿಗುವ ಬೆಲೆಗಿಂತ 1ರ ಮುಂದೆ ಸುಮಾರು 120 ಸೊನ್ನೆ ಹಾಕಿದಷ್ಟು ಪಟ್ಟು ಹೆಚ್ಚು. ಈ ಬೆಲೆ ತೀರಾ ಹೆಚ್ಚಾಗಿದ್ದರೆ ಗೆಲಾಕ್ಸಿಗಳೇ ಆಗುತ್ತಿರಲಿಲ್ಲ ಎಂಬ ಒಂದೇ ಆಧಾರದಿಂದ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಅದರ ಮೇಲ್ಮಿತಿಯನ್ನು ಲೆಕ್ಕಹಾಕಿದರು, 1998ರಲ್ಲಿ ದೂರದ ಸೂಪರ್‌ನೋವಾಗಳಿಂದ ತಿಳಿದ ಬೆಲೆ ಆ ಮಿತಿಯೊಳಗೇ ಇತ್ತು.

ಈ ಹೊಂದಾಣಿಕೆ ಹೇಗೆ ಬಂತು ಎಂಬುದಕ್ಕೆ, ಅನೇಕ ವಿಶ್ವಗಳಿದ್ದು ನಾವು ಹುಟ್ಟಬಹುದಾದಲ್ಲಿ ನಾವು ಹುಟ್ಟಿದ್ದೇವೆ ಎನ್ನುವುದು ಒಂದು ಉತ್ತರ; ಆ ಬೇರೆ ವಿಶ್ವಗಳನ್ನು ಯಾರೂ ಕಂಡಿಲ್ಲ. ಯಾರೋ ಜೀವಕ್ಕಾಗಿಯೇ ಹೊಂದಿಸಿದರು ಎನ್ನುವುದು ಇನ್ನೊಂದು ಉತ್ತರ. ಸರಾಸರಿ ತೆಗೆದರೆ ನಾಲ್ಕು ಘನ ಮೀಟರ್‌ಗೆ ಸುಮಾರು ಒಂದು ಪರಮಾಣುವಿನಷ್ಟೇ ಸಾಮಾನ್ಯ ದ್ರವ್ಯವಿರುವ, ಬಹುಪಾಲು ಶೂನ್ಯವೇ ಆಗಿರುವ ಈ ವಿಸ್ತಾರವನ್ನು ನೋಡಿದರೆ, ಜೀವವೇ ಗುರಿಯಾಗಿತ್ತು ಎಂಬ ಮಾತನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ.

ಇನ್ನು ಚೈತನ್ಯದ ಮಾತು. ಗೆಲಾಕ್ಸಿಗಳು ಹೆಣೆದುಕೊಂಡಿರುವ ಜಾಲಕ್ಕೂ ಮಿದುಳಿನ ನರಕೋಶಗಳ ಜಾಲಕ್ಕೂ ರಚನೆಯಲ್ಲಿ ಹೋಲಿಕೆಯಿದೆ ಎಂದು ಖಗೋಳವಿಜ್ಞಾನಿ ಫ್ರಾಂಕೊ ವಾಜ್ಜಾ ಮತ್ತು ನರಶಸ್ತ್ರಚಿಕಿತ್ಸಕ ಅಲ್ಬರ್ಟೊ ಫೆಲೆಟ್ಟಿ 2020ರಲ್ಲಿ ಪ್ರಕಟಿಸಿದರು. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ವಿಶ್ವವೇ ಯೋಚಿಸುತ್ತಿದೆ ಎನ್ನುವವರು ಒಂದು ಲೆಕ್ಕ ಮಾಡಿ ನೋಡಬೇಕು. ಮಿದುಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸಂಕೇತ ತಲುಪಲು ಕೆಲವು ಮಿಲಿಸೆಕೆಂಡ್ ಸಾಕು. ಒಂದೆರಡು ಸೆಕೆಂಡುಗಳಲ್ಲಿ ನೂರಾರು ಸಲ ಅದು ಅತ್ತಿತ್ತ ಓಡಾಡಬಲ್ಲುದು. ಗೆಲಾಕ್ಸಿಗಳ ಜಾಲದ ಎಳೆಯೊಂದು 10 ಕೋಟಿ ಜ್ಯೋತಿರ್ವರ್ಷ ಉದ್ದವಿದೆ ಎಂದುಕೊಳ್ಳಿ. ಬೆಳಕಿನ ವೇಗದಲ್ಲಿ ಹೋದರೂ ವಿಶ್ವದ 1,380 ಕೋಟಿ ವರ್ಷಗಳ ಆಯುಸ್ಸಿನಲ್ಲಿ ಸಂಕೇತವೊಂದು ಅದನ್ನು ಹೆಚ್ಚೆಂದರೆ 138 ಸಲ ದಾಟಬಹುದು. ಮಿದುಳಿಗೆ ಅದು ಒಂದೆರಡು ಸೆಕೆಂಡಿನ ಕೆಲಸ. ವಿಶ್ವ ವೇಗ ಹೆಚ್ಚಿಸಿಕೊಳ್ಳುತ್ತಾ ಹಿಗ್ಗುತ್ತಿರುವುದರಿಂದ ದೂರದ ಭಾಗಗಳ ನಡುವೆ ಮುಂದೆಂದೂ ಸುದ್ದಿ ಮುಟ್ಟದು.

ಕಣಕಣದಲ್ಲೂ ಅನುಭವದ ಅಂಶವಿದೆ ಎನ್ನುವ ಸರ್ವಚೇತನವಾದ ಈ ಲೆಕ್ಕದಿಂದ ಬಿದ್ದುಹೋಗುವುದಿಲ್ಲ. ನರಕೋಶಗಳ ಕೆಲಸದಿಂದ ಅನುಭವವೇ ಏಕೆ ಹುಟ್ಟಬೇಕು ಎಂದು ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ಮುಂದಿಟ್ಟ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಪ್ರಜ್ಞೆಯ ಎರಡು ಪ್ರಮುಖ ಸಿದ್ಧಾಂತಗಳನ್ನು ಎದುರುಬದುರು ನಿಲ್ಲಿಸಿ 256 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2025ರಲ್ಲಿ ಪ್ರಕಟವಾದಾಗ ಎರಡೂ ಪೆಟ್ಟು ತಿಂದವು. ಮನುಷ್ಯನ ಪ್ರಜ್ಞೆಯೇ ಹೀಗೆ ಬಗೆಹರಿಯದೆ ಉಳಿದಿರುವಾಗ ಇಡೀ ವಿಶ್ವದ ಪ್ರಜ್ಞೆಯ ಬಗ್ಗೆ ಖಚಿತವಾಗಿ ಮಾತಾಡುವುದು ಆತುರವಾಗುತ್ತದೆ.

ದೈವತ್ವದ ವಿಚಾರದಲ್ಲಿ ಬೇಲೂರಿನ ಶಾಸನದ ಪ್ರಸಿದ್ಧ ಶ್ಲೋಕವನ್ನು ಎಚ್ಚರದಿಂದ ಓದಬೇಕು. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನೈಯಾಯಿಕರು ಕರ್ತೃವೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು ಕರ್ಮವೆಂದು ಉಪಾಸಿಸುವುದು ಒಬ್ಬ ಕೇಶವನನ್ನೇ ಎನ್ನುತ್ತದೆ ಅದು. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಮಾಡಿದವನಿರಬೇಕು ಎಂಬುದು ನೈಯಾಯಿಕರ, ಅಂದರೆ ನ್ಯಾಯದರ್ಶನದವರ, ವಾದ. ಫಲ ಕೊಡಲು ಕರ್ಮದ ನಿಯಮವೇ ಸಾಕು, ನಡುವೆ ಈಶ್ವರ ಬೇಡ ಎಂಬುದು ಮೀಮಾಂಸಕರದು. ಲೋಕದ ವ್ಯವಸ್ಥಿತ ಸಾಮರಸ್ಯದಲ್ಲಿ ಪ್ರಕಟಗೊಳ್ಳುವ ದಾರ್ಶನಿಕ ಸ್ಪಿನೋಜಾನ ದೇವರನ್ನು ನಂಬುತ್ತೇನೆ ಎಂದು 1929ರಲ್ಲಿ ಐನ್‌ಸ್ಟೈನ್ ಹೇಳಿದಾಗ ಅವರು ನಿಂತದ್ದು ಹೆಚ್ಚುಕಡಿಮೆ ಮೀಮಾಂಸಕರ ಪಕ್ಕದಲ್ಲಿ. ನನ್ನ ಮನಸ್ಸು ಒಲಿಯುವುದೂ ಆ ಕಡೆಗೇ. ಆದರೆ ಅಂಥ ದೇವರು ಹರಕೆ ಕೇಳಿಸಿಕೊಳ್ಳುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಪ್ರಕೃತಿಯ ನಿಯಮಗಳು ಈಗಿರುವುದಕ್ಕಿಂತ ಬೇರೆಯಾಗಿರಲು ಸಾಧ್ಯವಿತ್ತೇ ಎಂಬುದು ಭೌತವಿಜ್ಞಾನದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸಾಧ್ಯವೇ ಇರಲಿಲ್ಲ ಎಂದಾದರೆ ಹೊಂದಿಸಿದವರು ಯಾರೆಂಬ ಪ್ರಶ್ನೆ ಏಳುವುದಿಲ್ಲ. ಸಾಧ್ಯವಿತ್ತು ಎಂದಾದರೆ ನೈಯಾಯಿಕರ ವಾದವನ್ನು ಮತ್ತೆ ಕೈಗೆತ್ತಿಕೊಳ್ಳಲೇಬೇಕು.