ಪುಕ್ಕಟೆ ಚೀಲದ ಖರ್ಚು

ನಾಗರಪಂಚಮಿಗೆ ಎರಡು ದಿನ ಇದೆ ಅನ್ನುವಾಗ ನನ್ನ ಫೋನ್ ಶುರುವಾಗುತ್ತದೆ. ಅಳ್ಳು ಹುರಿಯಲು ಜೋಳದ ಚೀಲ ಬಿಚ್ಚಿರುತ್ತಾರೆ. ಒಳಗೆ ಕೈ ಹಾಕಿದರೆ ಬೆಚ್ಚಗೆ. ಹೌದು, ಕಾಳು ಕೊರೆಯುವ ನುಸಿ ಜೋರಾಗಿದ್ದರೆ ಕೈಗೆ ಗೊತ್ತಾಗುವಷ್ಟು ಕಾವು ಇರುತ್ತದೆ. ಮೊರಕ್ಕೆ ಸುರುವಿದರೆ ಹುಡಿ, ತೂತು ಕಾಳು, ಕಪ್ಪು ಹುಳ. ಬಾಣಲೆಗೆ ಹಾಕಿದರೆ ಅರಳುವುದಿಲ್ಲ. ಅರಳಲು ಒಳಗೆ ಏನಾದರೂ ಇರಬೇಕಲ್ಲ.

“ಮೂರು ದಿನ ಬಿಸಲಾಗ ಒಣಗಿಸಿದ್ವಿರೀ ಮೇಡಂ. ಆದ್ರೂ ನುಸಿ ಹುಟ್ಯಾವ.”

ಈ ‘ಹುಟ್ಯಾವ’ ಅನ್ನುವ ಮಾತಿನ ಜೊತೆ ನಾನು ಇಪ್ಪತ್ತೆರಡು ವರ್ಷದಿಂದ ಜಗಳ ಆಡುತ್ತಿದ್ದೇನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಮನೆವಾರ್ತೆಯ ತರಬೇತಿ ಕೊಡುವುದು ನನ್ನ ಕೆಲಸ. ಇಲ್ಲಿನವರಿಗೆ ಉಳಿತಾಯ ಕಲಿಸಲು ಹೋಗುವುದೇ ತಮಾಷೆ. ಹರಿದ ಸೀರೆ ಕೌದಿಯಾಗುತ್ತದೆ. ಉಳಿದ ರೊಟ್ಟಿ ಮಾರನೇ ದಿನ ಮುಟಗಿಯಾಗುತ್ತದೆ. ತೊಗರಿ ಕಟ್ಟಿಗೆ ಒಲೆಗೆ, ಬೂದಿ ಪಾತ್ರೆಗೆ. ನನಗೇ ಅವರು ಕಲಿಸಿದ್ದು ಜಾಸ್ತಿ. ಆದರೆ ಇಷ್ಟೆಲ್ಲ ಲೆಕ್ಕ ಹಾಕುವವರು ಒಂದು ಕಡೆ ಮಾತ್ರ ಎಡವುತ್ತಾರೆ. ಹಳೆ ಚೀಲ ಪುಕ್ಕಟೆ ಅಂದುಕೊಳ್ಳುತ್ತಾರೆ.

ಕಾಳು ಒಣಗಿಸುವುದು ಹೇಗೆ, ಕಲ್ಲು ಕಸ ತೆಗೆಯುವುದು ಹೇಗೆ ಅಂತ ನಾನು ಬರೆಯುವುದಿಲ್ಲ. ಅದು ನಿಮಗೆ ಗೊತ್ತು. ಕಾಳು ಹಲ್ಲಿಗೆ ಕಟಕ್ ಅನ್ನಬೇಕು, ಅಷ್ಟೇ. ಅನುಮಾನ ಇದ್ದರೆ ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಪುಡಿ ಉಪ್ಪು ಹಾಕಿ ಅಲ್ಲಾಡಿಸಿ ಹತ್ತು ನಿಮಿಷ ಇಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ನೂರಕ್ಕೆ 15ಕ್ಕಿಂತ ಜಾಸ್ತಿ ಇದೆ ಅಂತ ಲೆಕ್ಕ. ಅಂಟದಿದ್ದರೆ ಗೆದ್ದೆವು ಅಂತಲೂ ಅಲ್ಲ. ಜೋಳಕ್ಕೆ 12, ಬೇಳೆ ಕಾಳಿಗೆ 9-10ಕ್ಕೆ ಇಳಿದಿದ್ದರೆ ಒಳ್ಳೆಯದು. ಬಿಸಿಲಿನಿಂದ ತೆಗೆದ ಕಾಳನ್ನು ನೆರಳಿನಲ್ಲಿ ಆರಿಸಿ ತುಂಬಿ. ಬಿಸಿ ಕಾಳು ಚೀಲದೊಳಗೆ ಬೆವರುತ್ತದೆ.

ಈಗ ನುಸಿಯ ವಿಷಯ. ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿಯೇ ಎಲ್ಲರೂ ತಲೆ ಆಡಿಸುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ.

ಹೆಣ್ಣು ನುಸಿ ತನ್ನ ಸೊಂಡಿಲಿನಿಂದ ಕಾಳಿಗೆ ಸಣ್ಣ ತೂತು ಕೊರೆಯುತ್ತದೆ. ಅದರಲ್ಲಿ ಒಂದು ಮೊಟ್ಟೆ ಇಡುತ್ತದೆ. ಆಮೇಲೆ ತೂತಿನ ಬಾಯಿಗೆ ಅಂಟು ಮೆತ್ತಿ ಮುಚ್ಚುತ್ತದೆ. ಹೊರಗಿನಿಂದ ಕಾಳು ಮುತ್ತಿನ ಹಾಗೇ ಕಾಣುತ್ತದೆ. ಮರಿ ಒಳಗೇ ತಿರುಳು ತಿಂದು, ಒಳಗೇ ಬೆಳೆದು, ಹೆಚ್ಚು ಕಡಿಮೆ ಒಂದು ತಿಂಗಳಿಗೆ ಹೊರಗೆ ಬರುತ್ತದೆ. ಅಂದರೆ ನೀವು ಕೇರಿ, ಹಸನು ಮಾಡಿ, ಕಣ್ಣಿಗೆ ಕಂಡ ಹುಳ ಎಲ್ಲ ತೆಗೆದು ತುಂಬಿದ ಚೀಲದಲ್ಲಿ ನುಸಿ ಇನ್ನೂ ಇದೆ. ಕಾಳಿನ ಹೊಟ್ಟೆಯಲ್ಲಿದೆ. ತಿಂಗಳ ಮೇಲೆ ಹೊರಬಂದಾಗ “ಹುಟ್ಟಿತು” ಅಂತೀರಿ.

ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ. ದೊಡ್ಡ ದೊಡ್ಡ ಪಂಡಿತರೂ ಹೀಗೇ ಅಂದುಕೊಂಡಿದ್ದರು. ಮಾಂಸದಲ್ಲಿ ಹುಳ ತಾನಾಗಿ ಹುಟ್ಟುತ್ತದೆ ಅಂತ ನಂಬಿದ್ದ ಕಾಲದಲ್ಲಿ, 1668ರಲ್ಲಿ, ಇಟಲಿಯ ಫ್ರಾನ್ಸೆಸ್ಕೊ ರೆಡಿ ಅನ್ನುವ ವೈದ್ಯ ಒಂದಿಷ್ಟು ಪಾತ್ರೆಗಳ ಬಾಯಿಗೆ ಬಟ್ಟೆ ಕಟ್ಟಿಟ್ಟು, ಒಂದಿಷ್ಟನ್ನು ತೆರೆದಿಟ್ಟು ನೋಡಿದ. ನೊಣ ಕೂರಲಾಗದ ಮಾಂಸದಲ್ಲಿ ಹುಳ ಆಗಲಿಲ್ಲ.

ಅದೇ ಆಟವನ್ನು ನಾನೂ ಆಡುತ್ತೇನೆ. ಮನೆಯೊಂದರ ಹಳೆ ಚೀಲದಿಂದ ಜೋಳ ತೆಗೆಸಿ, ಹೆಂಗಸರ ಕೈಯಲ್ಲೇ ಹಸನು ಮಾಡಿಸುತ್ತೇನೆ. ಒಂದೂ ಹುಳ ಕಾಣಬಾರದು. ಅರ್ಧ ಜೋಳವನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರವಿ, ಮೇಲೆ ಪಾರದರ್ಶಕ ಹಾಳೆ ಮುಚ್ಚಿ, ಅಂಚಿಗೆ ಕಲ್ಲು ಇಟ್ಟು, ಏಪ್ರಿಲ್ ಬಿಸಿಲಿಗೆ ನಾಲ್ಕೈದು ತಾಸು ಬಿಡುತ್ತೇವೆ. ರಾಯಚೂರಿನ ಬಿಸಿಲಿನಿಂದ ಇದೊಂದು ಉಪಕಾರ ಇದೆ. ಹಾಳೆಯ ಒಳಗೆ 57 ಡಿಗ್ರಿ ಒಂದು ತಾಸು ನಿಂತರೆ ಅಲಸಂದಿ ಹುಳದ ಮೊಟ್ಟೆ ಮರಿ ಎಲ್ಲ ಸಾಯುತ್ತವೆ. ಜೋಳದ ನುಸಿಯೂ ಅಂಥ ಕಾವು ತಡೆಯುವುದಿಲ್ಲ. ಇನ್ನರ್ಧ ಜೋಳಕ್ಕೆ ಏನೂ ಮಾಡುವುದಿಲ್ಲ. ಎರಡನ್ನೂ ಬೇರೆ ಬೇರೆ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಬಿಗಿದು ಅದೇ ಮನೆಯಲ್ಲಿ ಇಟ್ಟು ಬರುತ್ತೇನೆ. ಆರು ವಾರದ ಮೇಲೆ ಹೋದರೆ ಒಂದರಲ್ಲಿ ನುಸಿ ಓಡಾಡುತ್ತಿರುತ್ತದೆ, ಇನ್ನೊಂದು ಹಾಗೇ ಇರುತ್ತದೆ. ಸಿಂಧನೂರು ಕಡೆಯ ಒಂದು ಹಳ್ಳಿಯಲ್ಲಿ ಒಬ್ಬಾಕೆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದಳು: “ಮೇಡಂ, ಇವನ್ನ ನೀವ ಹಾಕಿರಬೇಕು.” ರೆಡಿಗೂ ಇಂಥ ಶಿಷ್ಯೆ ಸಿಕ್ಕಿದ್ದರೆ ಗೊತ್ತಾಗುತ್ತಿತ್ತು.

ಹಾಗಾದರೆ ಮೊದಲ ನುಸಿ ಎಲ್ಲಿಂದ ಬಂತು? ಸ್ವಲ್ಪ ಹೊಲದಿಂದ ಬರಬಹುದು. ತೊಗರಿ, ಹೆಸರು, ಅಲಸಂದಿಯ ಹುಳವಂತೂ ಕಾಯಿ ಹೊಲದಲ್ಲಿದ್ದಾಗಲೇ ಅದರ ಮೇಲೆ ಮೊಟ್ಟೆ ಅಂಟಿಸಿರುತ್ತದೆ. ಆದರೆ ಜೋಳದ ಮಟ್ಟಿಗೆ ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಅದು ಬಂದದ್ದು ಹೋದ ವರ್ಷದ ಗೋಣಿಚೀಲದಿಂದ. ಚೀಲ ಜಾಡಿಸಿದ್ದೇವೆ ಅಂತೀರಿ. ಒಮ್ಮೆ ಒಳಗಿನದು ಹೊರಗೆ ಮಾಡಿ ನೋಡಿ. ಮೂಲೆಯ ಹೊಲಿಗೆ ಬಿಚ್ಚಿ. ಐದಾರು ಕಾಳು ಉದುರುತ್ತವೆ. ಸೆಣಬಿನ ಎಳೆಯ ನಡುವೆ ನುಸಿ ಕೂತಿರುತ್ತದೆ. ಅದು ತಿಂಗಳುಗಟ್ಟಲೆ ಬದುಕುವ ಪ್ರಾಣಿ. ಸುಗ್ಗಿಯ ಒಣ ಹವೆಯಲ್ಲಿ, ಮೇ ತಿಂಗಳ ಸೆಕೆಯಲ್ಲಿ ಅದರ ಸಂಸಾರ ಅಷ್ಟಾಗಿ ಬೆಳೆಯುವುದಿಲ್ಲ. ಮಳೆ ಬಿದ್ದು ಹವೆ ತಂಪಾಗಿ, ಕಾಳು ಗಾಳಿಯ ತೇವ ಹೀರಿದಾಗ ಶುರು ಮಾಡುತ್ತದೆ.

ಲೆಕ್ಕ ನೋಡಿ. ಒಂದು ಹೆಣ್ಣು ನುಸಿ ನೂರಕ್ಕೂ ಮೇಲೆ ಮೊಟ್ಟೆ ಇಡಬಲ್ಲದು. ಅಷ್ಟು ಬೇಡ, ಒಂದು ಜೋಡಿಗೆ ಇಪ್ಪತ್ತೇ ಬದುಕಿದವು ಅನ್ನೋಣ. ಕಾರಹುಣ್ಣಿಮೆಗೆ ಒಂದು ಜೋಡಿ. ತಿಂಗಳಿಗೆ 20. ಮುಂದಿನ ತಿಂಗಳು 200. ಅದರ ಮುಂದೆ 2,000. ದಸರಾ ಹೊತ್ತಿಗೆ 20,000. ಇದು ನಾನು ಸುಮ್ನೆ ಕಾಗದದ ಮೇಲೆ ಹಾಕಿದ ಲೆಕ್ಕ. ಚೀಲದಲ್ಲಿ ಇಷ್ಟು ಸರಾಗ ನಡೆಯದು. ಆದರೆ ಒಂದು ಜೋಡಿ ಅಂದೆ. ನಿಮ್ಮ ಚೀಲದಲ್ಲಿ ಒಂದೇ ಜೋಡಿ ಇರುವುದಿಲ್ಲ.

2025-26ಕ್ಕೆ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಚೀಲಕ್ಕೆ ಕ್ವಿಂಟಲ್ ಹಿಡಿಯಿರಿ. ಕಾಲು ಭಾಗ ನುಸಿ ತಿಂದರೆ ಒಂದು ಚೀಲಕ್ಕೆ ಒಂಬೈನೂರು ರೂಪಾಯಿ ಮೇಲೆ ಹೋಯಿತು. ಉಳಿದ ಮುಕ್ಕಾಲೂ ಮೊದಲಿನ ಜೋಳವಲ್ಲ. ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿ ಹರಿಯುತ್ತದೆ, ವಾಸನೆ ಬೇರೆ. ಸೊಸೆಗೆ ರೊಟ್ಟಿ ಬಡಿಯಲು ಬರುವುದಿಲ್ಲ ಅಂತ ಬೈಸಿಕೊಂಡದ್ದನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ?

ನಾನೇನು ಹೊಸ ಚೀಲ ಕೊಳ್ಳಿ ಅನ್ನುತ್ತಿಲ್ಲ. ಹಳೆಯದನ್ನೇ ಕುದಿಯುವ ನೀರಿನಲ್ಲಿ ಕಾಲು ತಾಸು ಅದ್ದಿಡಿ, ಒಳಗಿನದು ಹೊರಗೆ ಮಾಡಿ ಪತ್ರಾಸಿನ, ಅಂದರೆ ತಗಡಿನ ಮೇಲೆ ಗರಿಗರಿಯಾಗುವ ತನಕ ಒಣಗಿಸಿ. ಖರ್ಚು ಒಂದು ಹಂಡೆ ನೀರು, ಒಂದಿಷ್ಟು ಕಟ್ಟಿಗೆ. ಗೊಬ್ಬರದ ಚೀಲ, ಔಷಧ ಇಟ್ಟ ಚೀಲ ಮಾತ್ರ ತೊಳೆದರೂ ಬೇಡ. ಹಳೆ ಜೋಳ ಉಳಿದಿದ್ದರೆ ಬೇರೆ ಇಡಿ, ಮೊದಲು ಅದನ್ನೇ ಗಿರಣಿಗೆ ಹಾಕಿಸಿ. ಹೊಸದರ ಜೊತೆ ಬೆರೆಸಬೇಡಿ. ಚೀಲ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇರಲಿ.

ಈ ಮಾತು ಹೇಳುವ ನಾನೂ ಒಂದು ಸಲ ಮುಗ್ಗರಿಸಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಊರೂರಿಗೆ ಚಾರ್ಟು ತೂಗುಹಾಕಿ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ತವರಿನಿಂದ ಬಂದ ಇಡೀ ತೊಗರಿ ಬಂದ ಚೀಲದಲ್ಲೇ ಕೂತಿತ್ತು. ಬೇಳೆ ಮಾಡಿಸಲು ಪುರುಸೊತ್ತಿಲ್ಲ. ಎರಡು ತಿಂಗಳಿಗೆ ಕಾಳಿನ ಮೇಲೆಲ್ಲ ಬಿಳಿ ಚುಕ್ಕಿ, ದುಂಡನೆ ತೂತು. ನಮ್ಮ ಅತ್ತೆ ಏನೂ ಅನ್ನಲಿಲ್ಲ. ನನ್ನ ಚಾರ್ಟನ್ನೇ ತಂದು ಅದರ ಮೇಲೆ ತೊಗರಿ ಹರವಿದರು. ಆಮೇಲೆ ಅವರಿಂದಲೇ ಕಲಿತೆ. ತೊಗರಿ ಬಂದ ಕೂಡಲೇ ಬೇಳೆ ಮಾಡಿಬಿಡಬೇಕು, ಬೇಳೆಗೆ ಈ ಹುಳದ ಕಾಟ ಕಡಿಮೆ. ಇಡೀ ಕಾಳು ಇಡಲೇಬೇಕಾದರೆ ಕಿಲೋಗೆ ಒಂದು ಚಹಾ ಚಮಚ ಔಡಲೆಣ್ಣೆ ಸವರಬೇಕು. ಎಣ್ಣೆ ಇದ್ದರೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ಅಂಟಿದ್ದೂ ಉಸಿರುಗಟ್ಟುತ್ತದೆ. ಬಿತ್ತನೆಯ ಹೆಸರು, ಅಲಸಂದಿಗೆ ಜರಡಿ ಹಿಡಿದ ಒಣ ಬೂದಿ ಸಾಕು.

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು. ಪಂಚಮಿ ಫೋನಿನ ಎರಡನೇ ಮಾತು ಯಾವಾಗಲೂ ಒಂದೇ: “ಗುಳಿಗಿ ಇಡ್ಲೇನ್ರೀ?” ಬೇಡ. ಕಾಳಿನ ಗುಳಿಗೆ ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನುವ ವಿಷಗಾಳಿ ಬಿಡುತ್ತದೆ. ಇದಕ್ಕೆ ಮದ್ದಿಲ್ಲ. ಆಸ್ಪತ್ರೆಯಲ್ಲಿ ಉಸಿರು, ರಕ್ತದೊತ್ತಡ ಹಿಡಿದು ನಿಲ್ಲಿಸಲು ನೋಡುತ್ತಾರೆ, ಅಷ್ಟೇ. ಕಾನೂನಿನ ಪ್ರಕಾರ ಇದನ್ನು ಸರ್ಕಾರಿ ಸಂಸ್ಥೆಗಳು, ಪರವಾನಗಿ ಇರುವ ಕೀಟ ನಿಯಂತ್ರಣದವರು, ತಜ್ಞರ ಉಸ್ತುವಾರಿಯಲ್ಲಿ ಮಾತ್ರ ಬಳಸಬೇಕು. ನಮ್ಮ ಹಳ್ಳಿಯ ಮನೆಯಲ್ಲಿ ಜೋಳದ ಚೀಲ ಎಲ್ಲಿರುತ್ತದೆ? ಪಡಸಾಲೆಯಲ್ಲಿ. ಮಕ್ಕಳು ಮಲಗುವುದೂ ಅಲ್ಲೇ. ಮಳೆಗಾಲ, ಬಾಗಿಲು ಮುಚ್ಚಿರುತ್ತದೆ. ಚೀಲದಿಂದ ಹೊರಬಿದ್ದ ಗಾಳಿ ಇನ್ನೆಲ್ಲಿಗೆ ಹೋಗಬೇಕು? ಈಗಾಗಲೇ ಇಟ್ಟಿದ್ದರೆ, ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ ಬಂದರೆ, ಯಾರಿಗಾದರೂ ವಾಂತಿ, ಎದೆ ಬಿಗಿತ, ಉಸಿರಾಟದ ತೊಂದರೆ ಆದರೆ ಎಲ್ಲರೂ ಮೊದಲು ಹೊರಗೆ ಬನ್ನಿ. 108ಕ್ಕೆ ಫೋನ್ ಮಾಡಿ, ಗುಳಿಗೆ ಇಟ್ಟ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲೂ ಅಲ್ಲ.

ಗಾಳಿ ಕಟ್ಟಿ ಹುಳ ಕೊಲ್ಲುವುದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹಗೇವು ಮತ್ತೇನು? ನೆಲದಲ್ಲಿ ಗುಂಡಿ, ಸುತ್ತ ಹುಲ್ಲು, ಬಾಯಿಗೆ ಕಲ್ಲು, ಮೇಲೆ ಮಣ್ಣು. ಒಳಗಿನ ಗಾಳಿಯನ್ನು ಕಾಳೂ ಹುಳವೂ ಉಸಿರಾಡಿ ಮುಗಿಸುತ್ತಿದ್ದವು, ಹುಳ ಸಾಯುತ್ತಿತ್ತು. ಅದಕ್ಕೇ ಹಗೇವು ತೆಗೆದ ಕೂಡಲೇ ಇಳಿಯಬಾರದು, ದೀಪ ಇಳಿಸಿ ನೋಡಬೇಕು ಅನ್ನುತ್ತಿದ್ದರು ಹಿರಿಯರು. ಈಗ ಅದೇ ಕೆಲಸ ಬಿಗಿ ಮುಚ್ಚಳದ ಡ್ರಮ್ಮು ಮಾಡುತ್ತದೆ, ದಪ್ಪ ಪ್ಲಾಸ್ಟಿಕ್ಕಿನ ಗಾಳಿಯಾಡದ ಚೀಲ ಮಾಡುತ್ತದೆ. ಬಾಯಿ ತನಕ ತುಂಬಿರಬೇಕು, ದಿನಾ ತೆಗೆಯಬಾರದು. ತಿಂಗಳಿಗೆ ಬೇಕಾದಷ್ಟು ಹೊರಗೆ ಡಬ್ಬಿಯಲ್ಲಿರಲಿ. ಕಾಳು ಒಣಗಿರದಿದ್ದರೆ ಮಾತ್ರ ಈ ಸಾಹಸ ಬೇಡ, ಹುಳದ ಬದಲು ಬೂಸ್ಟು ಬರುತ್ತದೆ. ನಿಮ್ಮ ಕಾಳಿಗೆ, ನಿಮ್ಮ ಮನೆಗೆ ಯಾವುದು ಸರಿ ಅಂತ ಗಂಗಾವತಿ, ಹಗರಿ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಬಹುದು.

ಕೊಪ್ಪಳದ ಹತ್ತಿರ ಒಂದು ಮನೆಯಿದೆ. ಅಲ್ಲಿ ಇನ್ನೂ ಕಾಳು ತುಂಬಿಡುವ ಮಣ್ಣಿನ ವಾಡೇವು ಇದೆ. ಅದರ ತಳದಲ್ಲಿ ಯಾವಾಗಲೂ ಒಂದು ಗೇಣು ಹಳೆ ಜೋಳ. ಹೊಸದು ಅದರ ಮೇಲೇ ಸುರಿಯಬೇಕು. ವಾಡೇವು ಬರಿದಾದರೆ ಲಕ್ಷ್ಮಿ ಹೋಗುತ್ತಾಳೆ ಅಂತ ಅಜ್ಜಿಯ ಮಾತು. ನುಸಿಗೆ ಇದಕ್ಕಿಂತ ಒಳ್ಳೆಯ ತವರುಮನೆ ಬೇಕೇ? ಎರಡು ವರ್ಷ ವಾದ ಮಾಡಿದೆ. ಅಜ್ಜಿ ಚಹಾ ಕೊಟ್ಟು ಕಳಿಸುತ್ತಿದ್ದರು.

ದಾರಿ ಹುಡುಕಿದ್ದು ಮೊಮ್ಮಗನ ಹೆಂಡತಿ. ಹಳೆ ಜೋಳದಲ್ಲಿ ಒಂದು ಹಿಡಿ ತೆಗೆದು ಹುರಿದು ತಂಬಿಗೆಯಲ್ಲಿ ದೇವರ ಮುಂದೆ ಇಡೋಣ, ವಾಡೇವು ತೊಳೆಯೋಣ ಅಂದಳು. ಅಜ್ಜಿ ಒಪ್ಪಲಿಲ್ಲ. “ಹುರಿದದ್ದು ಮೊಳಕಿ ಒಡಿಯಂಗಿಲ್ಲ. ಅಂಥಾದ್ದು ದೇವರ ಮುಂದ ಇಡ್ತಾರೇನ?” ನನಗೆ ಉತ್ತರ ಹೊಳೆಯಲಿಲ್ಲ. ಹುಡುಗಿ ಸುಮ್ಮನೆ ಎದ್ದು ಹೋಗಿ, ನಾನು ಪಾಠಕ್ಕೆ ತಂದಿದ್ದ ಪ್ಲಾಸ್ಟಿಕ್ ಹಾಳೆಗಳನ್ನು ಅಂಗಳಕ್ಕೆ ತಂದಳು.

ಹೋದ ಪಂಚಮಿಗೆ ಆ ಮನೆಯಿಂದ ಫೋನ್ ಬರಲಿಲ್ಲ, ನಾನೇ ಹೋದೆ. ಅಳ್ಳು, ಶೇಂಗಾ ಉಂಡಿ ಕೊಟ್ಟರು. ಜಗಲಿಯ ಮೇಲೆ ತಂಬಿಗೆ ಇತ್ತು, ಬಾಯಿಗೆ ಬಿಳಿ ಬಟ್ಟೆ ಎರಡು ಸುತ್ತು ಬಿಗಿದಿತ್ತು. ಇದು ಯಾರು ಕಟ್ಟಿದ್ದು ಅಂದೆ.

“ನಾನ ಕಟ್ಟೀನವ್ವಾ,” ಅಂದರು ಅಜ್ಜಿ. “ಹಳೀ ಕಾಳು ನೋಡು. ಎದ್ದು ಹೊಸಾದ್ರಾಗ ಹೋಗಬಾರದು.”