ಮುಖಪುಟದಲ್ಲಿ ಹೆಸರಿದೆ, ಮನುಷ್ಯನಿಲ್ಲ

‘ಹಾರ್ಡಿ ಬಾಯ್ಸ್’ ಪುಸ್ತಕಗಳ ಮೇಲೆ ಫ್ರಾಂಕ್ಲಿನ್ ಡಬ್ಲ್ಯೂ. ಡಿಕ್ಸನ್ ಅಂತ ಹೆಸರಿದೆ. ಅಂಥ ಮನುಷ್ಯ ಹುಟ್ಟೇ ಇಲ್ಲ. ‘ಟಾಮ್ ಸ್ವಿಫ್ಟ್’ ಬರೆದ ವಿಕ್ಟರ್ ಆ್ಯಪಲ್ಟನ್ ಇಲ್ಲ, ‘ಬಾಂಬಾ’ ಬರೆದ ರಾಯ್ ರಾಕ್‌ವುಡ್ಡೂ ಇಲ್ಲ. ಅಮೆರಿಕದ ಈ ಹಳೇ ಸಾಹಸ ಸರಣಿಗಳನ್ನು ಕೂಡಿಡುವವರಿಗೆ ಇದು ಗೊತ್ತಿರುವ ಸಂಗತಿಯೇ. ನಿಜವಾಗಿ ಬರೆದವರನ್ನು ‘ಮರೆತುಹೋದ ಲೇಖಕರು’ ಅನ್ನುವುದು ರೂಢಿ. ನನಗೆ ಆ ಮಾತು ಅಷ್ಟು ಸರಿ ಅನ್ನಿಸುವುದಿಲ್ಲ. ಅವರ ಹೆಸರು ಯಾರಿಗೂ ಗೊತ್ತೇ ಆಗದಂತೆ, ಬರೆಸಿದವರು ಮೊದಲೇ ಕರಾರು ಮಾಡಿಕೊಂಡಿದ್ದರು. ಗೊತ್ತಿದ್ದರೆ ತಾನೇ ಮರೆಯುವುದು?

ಈ ವ್ಯವಸ್ಥೆ ಕಟ್ಟಿದವನು ನ್ಯೂಜೆರ್ಸಿಯ ಎಡ್ವರ್ಡ್ ಸ್ಟ್ರಾಟೆಮೈಯರ್ (1862–1930). ಈತನೂ ಬರಹಗಾರನೇ. 1899ರಲ್ಲಿ ಆರ್ಥರ್ ಎಂ. ವಿನ್‌ಫೀಲ್ಡ್ ಎಂಬ ಹೆಸರಿಟ್ಟುಕೊಂಡು ‘ರೋವರ್ ಬಾಯ್ಸ್’ ಶುರುಮಾಡಿದ. ಸರಣಿ ಚೆನ್ನಾಗಿ ಓಡಿತು. ಹೊಳೆದ ಕಥೆಗಳನ್ನೆಲ್ಲ ಒಬ್ಬನೇ ಬರೆದು ಮುಗಿಸುವುದು ಆಗದ ಮಾತು. ಹಾಗಾಗಿ 1905ರ ಸುಮಾರಿಗೆ ಸ್ಟ್ರಾಟೆಮೈಯರ್ ಸಿಂಡಿಕೇಟ್ ಎಂಬ ಸಂಸ್ಥೆ ಹುಟ್ಟಿತು. ಕಥೆಯ ಹಂದರ ಇವನದು, ಬರೆಯುವ ಕೆಲಸ ಬಾಡಿಗೆ ಬರಹಗಾರರದು. ಬರೆದವನಿಗೆ ಒಂದೇ ಸಲ ದುಡ್ಡು. ರಾಯಲ್ಟಿ ಇಲ್ಲ, ಹಕ್ಕೂ ಇಲ್ಲ, ಇದು ನನ್ನ ಪುಸ್ತಕ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಒಬ್ಬ ಬಿಟ್ಟುಹೋದರೆ ಅದೇ ಹೆಸರಿನಲ್ಲಿ ಇನ್ನೊಬ್ಬ ಮುಂದುವರಿಸುತ್ತಿದ್ದ.

ಬೆಲೆಯಲ್ಲೂ ಈತ ಜಾಣ. ಗಟ್ಟಿ ರಟ್ಟಿನ ಮಕ್ಕಳ ಪುಸ್ತಕಕ್ಕೆ ಒಂದು ಡಾಲರ್ ಆಸುಪಾಸು ಇದ್ದ ಕಾಲದಲ್ಲಿ, 1906ರಲ್ಲಿ, ‘ಮೋಟರ್ ಬಾಯ್ಸ್’ ಸರಣಿಯನ್ನು 50 ಸೆಂಟಿಗೆ ತಂದ. ಹುಡುಗರು ತಮ್ಮ ಜೇಬಿನ ದುಡ್ಡಲ್ಲೇ ಕೊಂಡರು. ದೊಡ್ಡವರಿಗೆ ಮಾತ್ರ ಇದು ಹಿಡಿಸಲಿಲ್ಲ. ಬಾಯ್ ಸ್ಕೌಟ್ಸ್‌ನ ಮುಖ್ಯ ಗ್ರಂಥಪಾಲಕ ಫ್ರಾಂಕ್ಲಿನ್ ಮ್ಯಾಥ್ಯೂಸ್ 1914ರಲ್ಲಿ ಒಂದು ಲೇಖನ ಬರೆದ. ಅಗ್ಗದ ಸರಣಿಗಳು ಹುಡುಗರ ಮಿದುಳನ್ನೇ ಹಾರಿಸಿಬಿಡುತ್ತವೆ ಎಂಬ ಅರ್ಥದ ತಲೆಬರಹ ಅದಕ್ಕೆ! ಎಷ್ಟೋ ಲೈಬ್ರರಿಗಳು ಇವನ್ನು ಒಳಗೇ ಬಿಡಲಿಲ್ಲ. ಕಪಾಟಿನಲ್ಲಿ ಜೋಪಾನವಾಗಬೇಕಿದ್ದ ಪುಸ್ತಕಗಳು ಮನೆಗಳ ಅಟ್ಟ ಸೇರಿದವು. ಇವತ್ತು ಸಂಗ್ರಹಕಾರರಿಗೆ ಇಷ್ಟು ಕೆಲಸ ಇರುವುದೂ ಅದರಿಂದಲೇ.

ಬರೆದವರೇನು ಸಣ್ಣವರಲ್ಲ. ಮೊದಲ ‘ಟಾಮ್ ಸ್ವಿಫ್ಟ್’ ಸರಣಿಯ ಬಹುಪಾಲು ಬರೆದದ್ದು ಹೊವಾರ್ಡ್ ಗ್ಯಾರಿಸ್. ಸ್ವಂತ ಹೆಸರಿನಲ್ಲಿ ಆತ ‘ಅಂಕಲ್ ವಿಗಿಲಿ’ ಎಂಬ ಮೊಲದ ಕಥೆಗಳನ್ನು ಬರೆದು ಮನೆಮಾತಾಗಿದ್ದ. ಮೊಲಕ್ಕೆ ಸಿಕ್ಕ ಹೆಸರು ಟಾಮ್‌ಗೆ ಸಿಗಲಿಲ್ಲ, ಅಷ್ಟೇ.

ಕೆನಡಾದ ಲೆಸ್ಲಿ ಮ್ಯಾಕ್‌ಫರ್ಲೇನ್ ಕಥೆ ಇನ್ನೂ ಸ್ವಾರಸ್ಯ. ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವನು 1926ರಲ್ಲಿ ಸಿಂಡಿಕೇಟಿನ ಜಾಹೀರಾತು ನೋಡಿ ಅರ್ಜಿ ಹಾಕಿದ. 1927ರಲ್ಲಿ ಬಂದ ಮೊದಲ ಮೂರು ‘ಹಾರ್ಡಿ ಬಾಯ್ಸ್’ ಸೇರಿ ಆರಂಭದ 16 ಪುಸ್ತಕ ಈತನವೇ. ಶುರುವಿಗೆ ಒಂದು ಪುಸ್ತಕಕ್ಕೆ 125 ಡಾಲರ್. ಆರ್ಥಿಕ ಮುಗ್ಗಟ್ಟು ಬಂದಾಗ ಅದು 85ಕ್ಕೆ ಇಳಿಯಿತು. ಪುಸ್ತಕ ಲಕ್ಷಗಟ್ಟಲೆ ಖರ್ಚಾದರೂ ಬರೆದವನಿಗೆ ಅಷ್ಟೇ. ಹಾಗಂತ ಕಾಟಾಚಾರಕ್ಕೆ ಬರೆಯಲಿಲ್ಲ. ಪೆದ್ದು ಪೊಲೀಸರು, ಭರ್ಜರಿ ಊಟ, ಸಿಡುಕಿನ ಗರ್ಟ್ರೂಡ್ ಅತ್ತೆ ಎಲ್ಲ ಸೇರಿಸಿ ನಗಿಸಿದ. 1976ರಲ್ಲಿ ಆತ್ಮಕಥೆ ಬರೆದು ಎಲ್ಲವನ್ನೂ ಹೇಳಿಕೊಂಡ, ಮರುವರ್ಷ ತೀರಿಕೊಂಡ.

ಅಷ್ಟರಲ್ಲಿ ಅವನ ಪುಸ್ತಕಗಳೇ ಬದಲಾಗಿದ್ದವು. ಸ್ಟ್ರಾಟೆಮೈಯರ್ ನಂತರ ಮಗಳು ಹ್ಯಾರಿಯೆಟ್ ಆ್ಯಡಮ್ಸ್ ಸಂಸ್ಥೆ ನಡೆಸಿದಳು. 1959ರಿಂದ ಹಳೇ ಕಥೆಗಳನ್ನು ತಿದ್ದುವ ಕೆಲಸ ಶುರುವಾಯಿತು. ಕರಿಯರನ್ನು, ವಲಸಿಗರನ್ನು ಹೀಗಳೆಯುವ ಭಾಗಗಳು ಹೋದವು. ಅವು ಹೋಗಬೇಕಾದವೇ. ಆದರೆ 25 ಅಧ್ಯಾಯ 20ಕ್ಕೆ ಇಳಿಯುವಾಗ ಮ್ಯಾಕ್‌ಫರ್ಲೇನ್‌ನ ತಮಾಷೆಯೂ ಹೋಯಿತು. ಕೆಲವಂತೂ ಹೆಸರು ಉಳಿಸಿಕೊಂಡು ಕಥೆಯನ್ನೇ ಬದಲಿಸಿದವು. 1943ರ ‘ದಿ ಫ್ಲಿಕರಿಂಗ್ ಟಾರ್ಚ್ ಮಿಸ್ಟರಿ’ಗೂ 1971ರದ್ದಕ್ಕೂ ಶೀರ್ಷಿಕೆ ಒಂದೇ, ಕಥೆ ಬೇರೆಯೇ.

ಹಾಗಾಗಿ ಕೈಯಲ್ಲಿರುವ ಪ್ರತಿ ಯಾವಾಗಿನದು ಅನ್ನುವುದು ಬಹಳ ಮುಖ್ಯ. ಕಾಪಿರೈಟ್ ಪುಟ ನಂಬಿದರೆ ಕೆಟ್ಟಿರಿ. ‘ಹಾರ್ಡಿ ಬಾಯ್ಸ್’ ಸರಣಿಯ ‘ದಿ ಟವರ್ ಟ್ರೆಷರ್’ 1940ರಲ್ಲಿ ಅಚ್ಚಾಗಿದ್ದರೂ ಅಲ್ಲಿ 1927 ಅಂತಲೇ ಇರುತ್ತದೆ. ಅನುಭವಸ್ಥರು ಸೀದಾ ಹೋಗುವುದು ಪ್ರತಿಯಲ್ಲೇ ಅಚ್ಚಾಗಿರುವ, ಸರಣಿಯ ಪುಸ್ತಕಗಳ ಪಟ್ಟಿಗೆ. ಪಟ್ಟಿ 10ನೆಯದಾದ ‘ವಾಟ್ ಹ್ಯಾಪನ್ಡ್ ಅಟ್ ಮಿಡ್‌ನೈಟ್’ಗೆ (1931) ನಿಂತಿದ್ದು, 1932ರ ‘ವೈಲ್ ದಿ ಕ್ಲಾಕ್ ಟಿಕ್ಡ್’ ಅದರಲ್ಲಿ ಇಲ್ಲದಿದ್ದರೆ, ಪ್ರತಿ ಅಚ್ಚಾದದ್ದು ಹೆಚ್ಚುಕಡಿಮೆ ಈ ಎರಡರ ನಡುವೆ. ಹೊರಗಿನ ಹೊದಿಕೆಯ ಪಟ್ಟಿಯೂ ಒಳಗಿನ ಪಟ್ಟಿಯೂ ತಾಳೆಯಾಗಬೇಕು. ಒಂದು ಪ್ರತಿಯ ಹೊದಿಕೆ ಇನ್ನೊಂದಕ್ಕೆ ಹಾಕಿ ಮಾರುವವರೂ ಇದ್ದಾರಲ್ವಾ! ಮಕ್ಕಳ ಕೈಯಲ್ಲಿ ಮೊದಲು ಹರಿದದ್ದೇ ಈ ಹೊದಿಕೆ. ಅದಿದ್ದರೆ ಬೆಲೆ ಎಷ್ಟೋ ಪಟ್ಟು ಜಾಸ್ತಿ.

ಸರಣಿಯ ಕೊನೆಯ ಪುಸ್ತಕಗಳೂ ಸುಲಭಕ್ಕೆ ಸಿಗುವುದಿಲ್ಲ. ಓದುಗರು ಕಮ್ಮಿಯಾದ ಮೇಲೆ ತಾನೇ ಸರಣಿ ನಿಲ್ಲುವುದು, ಅಚ್ಚಾದದ್ದೂ ಕಮ್ಮಿಯೇ. ಸಿಂಡಿಕೇಟಿನ ಹೊರಗಿನ ‘ಕೆನ್ ಹೋಲ್ಟ್’ (1949–63) ಕೂಡಿಸುವವರನ್ನು ಕೇಳಿ ನೋಡಿ. ಅದರ ಮುಖಪುಟದಲ್ಲಿರುವ ಬ್ರೂಸ್ ಕ್ಯಾಂಪ್‌ಬೆಲ್ ನಿಜದಲ್ಲಿ ಸ್ಯಾಮ್ ಮತ್ತು ಬೆರಿಲ್ ಎಪ್‌ಸ್ಟೀನ್ ಎಂಬ ಗಂಡ ಹೆಂಡತಿ.

ಸಿಂಡಿಕೇಟಿನ ಗುಟ್ಟು ಪೂರ್ತಿ ಬಯಲಾದದ್ದು ದುಡ್ಡಿನ ಜಗಳದಲ್ಲಿ. ಹ್ಯಾರಿಯೆಟ್ ಹೊಸ ಪುಸ್ತಕಗಳನ್ನು ಸೈಮನ್ ಆ್ಯಂಡ್ ಶುಸ್ಟರ್‌ಗೆ ಕೊಟ್ಟಾಗ ಹಳೇ ಪ್ರಕಾಶಕರು ಕೋರ್ಟಿಗೆ ಹೋದರು. 1980ರ ಆ ವಿಚಾರಣೆಯಲ್ಲಿ, ಸಿಂಡಿಕೇಟಿನದೇ ಆದ ಹುಡುಗಿಯರ ಸರಣಿ ‘ನ್ಯಾನ್ಸಿ ಡ್ರೂ’ವಿನ ಮೊದಲ ಪುಸ್ತಕ ಬರೆದ ಮಿಲ್ಡ್ರೆಡ್ ವರ್ಟ್ ಬೆನ್ಸನ್ ಬಂದು ಸಾಕ್ಷಿ ನುಡಿದಳು. ಹುಡುಗಿಯರ ಸರಣಿಯಿಂದ ಎದ್ದ ಮಾತು ಹುಡುಗರ ಸರಣಿಗಳಿಗೂ ತಟ್ಟಿತು. ಮುಂದೆ ಸಂಸ್ಥೆಯ ಕಾಗದಪತ್ರಗಳು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಸೇರಿದವು. ಯಾರು ಯಾವ ಪುಸ್ತಕ ಬರೆದರು, ಎಷ್ಟು ಪಡೆದರು ಅನ್ನುವುದನ್ನು ಈಗ ಅಲ್ಲಿ ಕೂತು ನೋಡಬಹುದು. ಒಂದು ಕಾಲಕ್ಕೆ ಲೈಬ್ರರಿಯವರು ಬೇಡವೆಂದ ಪುಸ್ತಕಗಳ ಲೆಕ್ಕ ಇಟ್ಟಿರುವುದು ಒಂದು ಲೈಬ್ರರಿಯೇ.